ಶಾಲೆಗೆ ಬಾರದ ಮಕ್ಕಳು

ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಕನ್ನಡದಲ್ಲಿ ಯಾರೇ ಬರೆಯಲಿ, ‘ಇದರ ಹಾನಿ ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಮಾತು ಬಂದೇ ಬರುತ್ತದೆ. ಯಾರು ಸಾಬೀತು ಮಾಡಿದರು ಎಂದು ಕೇಳಿದರೆ ಬೆರಳು ಹೋಗುವುದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಕಡೆಗೆ. ಅಲ್ಲಿನ ಸಯ್ಯದ್ ಮತ್ತು ಸಂಗಡಿಗರು 2003ರಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಇವತ್ತಿಗೂ ಶಾಸನದ ಮರ್ಯಾದೆ ಇದೆ. ಹೆಸರು ಹೇಳುವವರಲ್ಲಿ ಎಷ್ಟು ಮಂದಿ ಅದನ್ನು ಓದಿದ್ದಾರೆ ಎಂಬುದು ನನ್ನ ಹಳೆಯ ಅನುಮಾನ. ಏಕೆಂದರೆ ನಾವು ಯಾವ ಮಕ್ಕಳ ಚಿತ್ರ ಕಂಡು ಬೆಚ್ಚಿದೆವೋ ಆ ಮಕ್ಕಳು ಈ ಪ್ರಬಂಧದ ವಿಷಯವೇ ಅಲ್ಲ.

ಕತೆ ಗೊತ್ತಿರುವುದೇ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಗುಡ್ಡದ ತಲೆಯ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ಕೆಳಗೆ ಕಣಿವೆಯಲ್ಲಿ ಮನೆ, ಅಡಿಕೆ ತೋಟ, ಕೊಡೆಂಕಿರಿ ತೋಡು. ಟೀ ಸೊಳ್ಳೆ ಎಂಬ ಕೀಟಕ್ಕಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, 2000ದ ಕೊನೆಯವರೆಗೆ, ಹೆಲಿಕಾಪ್ಟರಿನಿಂದ ಈ ಔಷಧಿ ಹೊಡೆದರು. ಅಲ್ಲಿನವರು ಕುಡಿಯುವುದು ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ತೆಗೆದ ಸುರಂಗದ ನೀರು. ಬಾವಿಗಾದರೆ ಮುಚ್ಚಳ ಹಾಕಬಹುದು. ಸುರಂಗದ ಮುಚ್ಚಳವೆಂದರೆ ಮೇಲಿನ ಗುಡ್ಡವೇ. ಔಷಧಿ ಬಿದ್ದದ್ದು ಅದರ ಮೇಲೆ.

ಇನ್ನು ಪ್ರಬಂಧ. ಪರೀಕ್ಷಿಸಿದ್ದು ತೋಟದ ಬುಡದ ಊರಿನ, 10ರಿಂದ 19 ವರ್ಷದ 117 ಶಾಲಾ ಹುಡುಗರನ್ನು. ಹೋಲಿಕೆಗೆ ಸಿಂಪಡಣೆ ಇಲ್ಲದ ಕಡೆಯ 90 ಹುಡುಗರನ್ನು. ನೋಡಿದ್ದು ಪ್ರಾಯಕ್ಕೆ ಬರುವ ಲಕ್ಷಣಗಳು, ಟೆಸ್ಟೋಸ್ಟೆರಾನ್ ಮತ್ತಿತರ ಹಾರ್ಮೋನು, ರಕ್ತದಲ್ಲಿ ಉಳಿದ ವಿಷ. ಪಡ್ರೆಯ ಕಡೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿರಬಹುದು ಎಂಬುದು ತೀರ್ಮಾನ. ಅವರ ರಕ್ತದಲ್ಲಿ ಸರಾಸರಿ 7.47 ಪಿಪಿಬಿ ಎಂಡೋಸಲ್ಫಾನ್, ಹೋಲಿಕೆಯ ಗುಂಪಿನವರಲ್ಲಿ 1.37. ಕೊನೆಯ ಸಿಂಪಡಣೆಯಾಗಿ ಸುಮಾರು ಹತ್ತು ತಿಂಗಳ ಮೇಲೂ ಇಷ್ಟು ಉಳಿದಿತ್ತು ಎಂಬುದು ಸಣ್ಣ ಮಾತಲ್ಲ. ಈ ಒಂದು ಅಂಕಿಗಾಗಿ ನಾನು ಪ್ರಬಂಧಕ್ಕೆ ಕೈಮುಗಿಯುತ್ತೇನೆ.

ಆದರೆ ‘ಶಾಲಾ ಹುಡುಗರು’ ಎಂಬಲ್ಲಿ ನಿಲ್ಲಬೇಕು. ಪಡ್ರೆಯ ಕಾಯಿಲೆ ಯಾವುದು? ಕುತ್ತಿಗೆ ನಿಲ್ಲದ ಮಗು, ಹತ್ತು ವರ್ಷವಾದರೂ ಮಾತು ಬಾರದ ಮಗು, ದಿನಕ್ಕೆ ಹಲವು ಸಲ ಫಿಟ್ಸ್ ಬರುವ ಮಗು, ತಲೆಗೆ ನೀರು ತುಂಬಿದ ಮಗು. ಇವರಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೆಷ್ಟು? ಹಾಜರಿ ಪುಸ್ತಕ ಹಿಡಿದು ಮಕ್ಕಳನ್ನು ಆರಿಸಿದಾಗಲೇ ಕಾಯಿಲೆಯ ತೀವ್ರ ರೂಪ ಲೆಕ್ಕದಿಂದ ಹೊರಗುಳಿಯಿತು. ಉಳಿದವರು ನಡೆದಾಡುವ, ಓದುವ, ಪ್ರಶ್ನೆಗೆ ಉತ್ತರ ಕೊಡಬಲ್ಲ ಹುಡುಗರು. ಅವರಲ್ಲೂ ವಿಷದ ಗುರುತು ಕಂಡದ್ದು ಪ್ರಬಂಧದ ಬಲ ಎಂದು ವಾದಿಸಬಹುದು. ಒಪ್ಪೋಣ. ಆದರೆ ಮಲಗಿದಲ್ಲೇ ಇರುವ ಮಗುವಿಗೆ ಏನಾಗಿದೆ ಎಂಬ ಪ್ರಶ್ನೆಗೆ, ಶಾಲೆಯಲ್ಲಿರುವ ಅದರ ಅಣ್ಣನಿಗೆ ಮೀಸೆ ತಡವಾಗಿ ಬಂತು ಎಂಬುದು ಉತ್ತರವಾಗುವುದು ಹೇಗೆ?

ಹೋಲಿಕೆಯ ಗುಂಪಿನಲ್ಲೂ ತೊಡಕಿದೆ. ಸಿಂಪಡಣೆಯೇ ಇಲ್ಲದ ಕಡೆಯ ಹುಡುಗರಲ್ಲಿ ಶೇ. 29 ಮಂದಿಯ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು. ಪಡ್ರೆಯ ಕಡೆ ಶೇ. 78. ಅಂದರೆ ‘ವಿಷ ತಾಗದವರು’ ಎಂಬ ಗುಂಪು ಅಲ್ಲಿ ಇರಲೇ ಇಲ್ಲ. ಹೆಚ್ಚು ತಾಗಿದವರು, ಕಡಿಮೆ ತಾಗಿದವರು ಅಷ್ಟೆ. ತರಕಾರಿಯಿಂದಲೋ ನೆರೆಯ ತೋಟದಿಂದಲೋ, ಹೇಗೋ ಅದು ಅವರನ್ನೂ ಮುಟ್ಟಿತ್ತು. ಇಂಥ ಹೋಲಿಕೆ ನಿಜವಾದ ವ್ಯತ್ಯಾಸವನ್ನು ಕುಗ್ಗಿಸಿ ತೋರಿಸುತ್ತದೆ. ವೃಷಣ ಇಳಿಯದಿರುವಂಥ ಜನ್ಮಜಾತ ತೊಂದರೆಗಳ ಲೆಕ್ಕ ಶೇ. 5.1 ಮತ್ತು ಶೇ. 1.1. ಶೇಕಡಾವಾರು ಬಿಟ್ಟು ನೋಡಿ: ಆರು ಹುಡುಗರು, ಒಬ್ಬ ಹುಡುಗ. ಇದನ್ನು ವೇದಿಕೆಯ ಮೇಲೆ ‘ಐದು ಪಟ್ಟು’ ಎಂದು ಗುಡುಗುವುದು ಸುಲಭ. ಲೇಖಕರು ಗುಡುಗಲಿಲ್ಲ, ಈ ವ್ಯತ್ಯಾಸಕ್ಕೆ ಸಂಖ್ಯಾಶಾಸ್ತ್ರದ ಬೆಂಬಲವಿಲ್ಲ, ಮಾದರಿ ಸಣ್ಣದು, ಪರೀಕ್ಷೆಗೆ ಬಾರದವರೂ ಇದ್ದರು ಎಂದು ತಾವೇ ಬರೆದಿದ್ದಾರೆ. ಬಾರದವರು ಯಾರು? ಬಟ್ಟೆ ಬಿಚ್ಚಲು ನಾಚಿದವರೋ, ತಮ್ಮ ಮೈಯಲ್ಲಿ ಏನೋ ಕೊರತೆಯಿದೆ ಎಂದು ಅಳುಕಿದವರೋ? ಎರಡನೆಯವರೇ ಹೆಚ್ಚಿದ್ದರೆ ಲೆಕ್ಕ ಒಂದು ಕಡೆ ವಾಲುತ್ತದೆ, ಇಲ್ಲವಾದರೆ ಇನ್ನೊಂದು ಕಡೆ. ಲೇಖಕರ ಪ್ರಾಮಾಣಿಕತೆಯಲ್ಲಿ ಕೊರತೆಯಿಲ್ಲ. ಅವರು ಹೇಳದ್ದನ್ನು ಅವರ ಬಾಯಲ್ಲಿ ತುರುಕಿದವರು ನಾವು. ಅದೇ ಸಂಸ್ಥೆಯ 2002ರ ವರದಿ ನರ ಮತ್ತು ವರ್ತನೆಯ ತೊಂದರೆಗಳು ಪಡ್ರೆಯಲ್ಲಿ ಹೆಚ್ಚು ಎಂದದ್ದು ನಿಜ. ಅಲ್ಲೂ ಕಣ್ಣಿದ್ದದ್ದು ಶಾಲಾ ಮಕ್ಕಳ ಮೇಲೆ.

ಇಷ್ಟು ಹೇಳಿದರೆ ನನ್ನನ್ನು ಎಲ್ಲವನ್ನೂ ಅಲ್ಲಗಳೆಯುವ ಕೀಟಶಾಸ್ತ್ರಜ್ಞರ ಪಾಳೆಯಕ್ಕೆ ಸೇರಿಸುವವರಿದ್ದಾರೆ. ಆ ಪಾಳೆಯದ ಪರಿಚಯವೂ ಆಗಲಿ. ಪ್ರಕರಣವನ್ನು ಪರಿಶೀಲಿಸಿದ ಒ.ಪಿ. ದುಬೆ ಸಮಿತಿ ಕಾಯಿಲೆಗೂ ಎಂಡೋಸಲ್ಫಾನಿಗೂ ಸಂಬಂಧವೇ ಇಲ್ಲವೆಂದಿತು. ಕೇರಳ ಕೃಷಿ ವಿಶ್ವವಿದ್ಯಾಲಯದ ಕೆ.ಎಂ. ಶ್ರೀಕುಮಾರ್ ಮತ್ತು ಜೊತೆಗಾರರು ಇಡೀ ಪ್ರಕರಣವೇ ಹುಯಿಲು ಎಂಬ ಧಾಟಿಯಲ್ಲಿ ವಾದ ಹೂಡಿದರು. ಅಧ್ಯಯನಗಳಲ್ಲಿ ಅವರು ತೋರಿಸುವ ತೂತುಗಳಲ್ಲಿ ಕೆಲವು ನಿಜವಾದ ತೂತುಗಳೇ. ಆದರೆ ತೂತಿನಿಂದ ಅವರು ಜಿಗಿಯುವುದು ‘ಏನೂ ಆಗಿಲ್ಲ’ ಎಂಬಲ್ಲಿಗೆ. ಇದು ಎದುರು ಪಾಳೆಯದ ಜಿಗಿತಕ್ಕಿಂತ ಉದ್ದದ್ದು. ಎಂಡೋಸಲ್ಫಾನ್ ನರಗಳನ್ನು ಹಿಡಿತದಲ್ಲಿಡುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡಬರುತ್ತದೆ, ಕುಡಿದವರಿಗೆ ಫಿಟ್ಸ್ ಬರುತ್ತದೆ, ಇದರಲ್ಲಿ ವಿವಾದವಿಲ್ಲ. ವಿವಾದವಿರುವುದು ವರ್ಷಗಟ್ಟಲೆ ಹನಿಹನಿಯಾಗಿ ಒಳಹೊಕ್ಕದ್ದು ಬಸಿರಿನ ಮಗುವಿಗೆ ಏನು ಮಾಡುತ್ತದೆ ಎಂಬುದರಲ್ಲಿ. ಅದನ್ನು ಹುಡುಕದೆಯೇ ಇಲ್ಲವೆನ್ನುವುದು ವಿಜ್ಞಾನದ ಯಾವ ಪಾಠ?

ನನ್ನ ಮಟ್ಟಿಗೆ ಈ ಪ್ರಕರಣದ ದೊಡ್ಡ ಸಂಶೋಧಕ ವಾಣಿನಗರದ ವೈದ್ಯ ವೈ.ಎಸ್. ಮೋಹನಕುಮಾರ್. ಎಂಬತ್ತರ ದಶಕದಿಂದ ಅಲ್ಲೇ ಕೂತು ರೋಗಿ ನೋಡಿದವರು. ಇಷ್ಟು ಸಣ್ಣ ಜಾಗದಲ್ಲಿ ಬುದ್ಧಿಮಾಂದ್ಯ, ಮೂರ್ಛೆರೋಗ, ಅಂಗವಿಕಲತೆ ಇಷ್ಟೇಕೆ, ಅದೂ ತೋಡಿನ ಆಸುಪಾಸಿನ ಮನೆಗಳಲ್ಲೇ ಏಕೆ ಎಂದು ಮೊದಲು ಕೇಳಿದವರು. ಪಡ್ರೆಯವರೇ ಆದ ಪತ್ರಕರ್ತ ಶ್ರೀಪಡ್ರೆ ಅಂಗ ಊನವಾಗಿ ಹುಟ್ಟಿದ ಕರುಗಳ ಬಗ್ಗೆ ಬಹಳ ಮೊದಲೇ ಬರೆದಿದ್ದರು. ಸಂಸ್ಥೆ ಶಾಲೆಯಿಂದ ಶುರುಮಾಡಿತು, ವೈದ್ಯರು ಮನೆಯಿಂದ. ಮನೆಯಿಂದ ಶುರುಮಾಡಿದವರಿಗೆ ಮಲಗಿದ ಮಗು ಕಾಣದೆ ಇರದು. ಈ ವೈದ್ಯ, ಪತ್ರಕರ್ತರ ತಿಳಿವಳಿಕೆ ನಮ್ಮಲ್ಲಿ ‘ಹೋರಾಟ’ದ ಖಾತೆಗೆ ಜಮೆಯಾಯಿತು, ‘ವಿಜ್ಞಾನ’ದ ಖಾತೆಗೆ ಆಗಲಿಲ್ಲ. ಇಬ್ಬರನ್ನೂ ಹೊಗಳಿದ ವಿಮರ್ಶಕರೇ ಈ ಅನ್ಯಾಯ ಮಾಡಿದವರು.

ಪಾದರಸದ ವಿಷ ತಾಗಿದ ಜಪಾನಿನ ಮಿನಮಾಟದಲ್ಲಿ ಹರದ ಮಸಜುಮಿ ಎಂಬ ವೈದ್ಯರೂ ಮನೆಯಿಂದಲೇ ಶುರುಮಾಡಿದರು. ಹುಟ್ಟಿನಿಂದ ಮಿದುಳು ಊನವಾದ ಮಕ್ಕಳ ಮನೆಗೆ ಹೋದರು, ಒಬ್ಬೊಬ್ಬರನ್ನೇ ಪರೀಕ್ಷಿಸಿದರು, ತಾಯಂದಿರ ಮಾತು ಕೇಳಿದರು. ವಿಷ ಬಸಿರಿನಲ್ಲೇ ತಾಗಿದೆ ಎಂಬುದನ್ನು 1962ರಲ್ಲಿ ಅಧಿಕೃತವಾಗಿ ಒಪ್ಪಲೇಬೇಕಾಯಿತು. ಮುಂದೆ, ಅಲ್ಲಿನ ಮನೆಗಳಲ್ಲಿ ಒಣಗಿಸಿ ಕಾಪಿಟ್ಟಿದ್ದ ಹೊಕ್ಕುಳಬಳ್ಳಿಗಳಲ್ಲಿ ಪಾದರಸವನ್ನೂ ಅಳೆದರು. ನಮ್ಮಲ್ಲಿ ಹೊಕ್ಕುಳಬಳ್ಳಿ ಇಡುವವರಿಲ್ಲದಿರಬಹುದು, ತಾಯಂದಿರು ಇದ್ದರು. ಯಾವ ವರ್ಷ ಬಸಿರಾದೆ, ಹೆಲಿಕಾಪ್ಟರ್ ಬಂದಾಗ ಎಷ್ಟನೇ ತಿಂಗಳು, ಯಾವ ಸುರಂಗದ ನೀರು ಎಂಬ ಪ್ರಶ್ನೆಗಳನ್ನು ಆಗಲೇ ಸಾಲಾಗಿ ಕೇಳಿ ಬರೆದಿಟ್ಟಿದ್ದರೆ 2003ರ ಪ್ರಬಂಧದ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ. ಆ ಕೆಲಸ ಆಗಲಿಲ್ಲ. ಪರಿಹಾರದ ಮಾತು ಬಂದಾಗ ವೈದ್ಯಕೀಯ ಶಿಬಿರ ನಡೆಸಿ ಸಂತ್ರಸ್ತರ ಪಟ್ಟಿ ಮಾಡಿದರು. ಸುಪ್ರೀಂ ಕೋರ್ಟ್ 2017ರಲ್ಲಿ ತಲಾ 5 ಲಕ್ಷ ರೂಪಾಯಿ ಕೊಡಿ ಎಂದ ಮೇಲೂ ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ತಾಯಂದಿರು ತಿರುವನಂತಪುರದ ಬೀದಿಯಲ್ಲಿ ಕೂರಬೇಕಾಯಿತು.

ಸಕಲೇಶಪುರ, ಆಲೂರು ಕಡೆಯ ನಮಗೆ ಇದು ದೂರದ ಊರಿನ ಜಗಳವೇನಲ್ಲ. ಶಿರಾಡಿ ಘಾಟಿ ಇಳಿದರೆ ಕೊಕ್ಕಡ. ಅಲ್ಲಿಯ ಗೇರು ತೋಟಗಳ ಮೇಲೂ ಹೆಲಿಕಾಪ್ಟರ್ ಹಾರಿತ್ತು, ಅಲ್ಲೂ ಮಕ್ಕಳು ಮಲಗಿದ್ದಾರೆ. ಘಾಟಿಯ ಮೇಲೆ ಇದೇ ಔಷಧಿಯನ್ನು ಕಾಫಿಯ ಬೆರಿ ಬೋರರ್ ಎಂಬ ಕೀಟಕ್ಕೆ ಶಿಫಾರಸು ಮಾಡಿದ್ದರು, 2011ರ ನಿಷೇಧದವರೆಗೂ ಅದು ಅಂಗಡಿಯಲ್ಲಿ ಸಿಗುತ್ತಿತ್ತು. ನಮ್ಮಲ್ಲಿ ಹೊಡೆದದ್ದು ಹೆಲಿಕಾಪ್ಟರಿನಿಂದಲ್ಲ, ಕೈಪಂಪಿನಿಂದ. ಸಿಂಪಡಿಸುವ ಗನ್ ಹಿಡಿದವರು, ಡ್ರಮ್ಮಿಗೆ ನೀರು ಹೊತ್ತವರು ತೋಟದ ಕೂಲಿಯವರ ಲೈನ್ ಮನೆಗಳ ಗಂಡಸರು, ಹೆಂಗಸರು. ಆ ಮನೆಗಳ ಮಕ್ಕಳ ಲೆಕ್ಕ ತೆಗೆಯಲು ಯಾರಾದರೂ ಬಂದರೆ ಹಾಜರಿ ಪುಸ್ತಕ ಆಮೇಲೆ ಕೇಳಲಿ, ಮೊದಲು ಲೈನಿಗೆ ಹೋಗಲಿ.