ಪದ ಒಂದೇ, ಭಾಗವತಿಕೆ ಹಲವು

ಪಾರ್ತಿಸುಬ್ಬನ ‘ಪಂಚವಟಿ’ ಪ್ರಸಂಗದಲ್ಲಿ ಮಾಯಾಶೂರ್ಪನಖಿ ರಾಮನೆದುರು ಬಂದು ನಿಲ್ಲುವ ಸಂದರ್ಭದ ಪದ್ಯಗಳು ಯಕ್ಷಗಾನದ ತೆಂಕುತಿಟ್ಟಿನಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿವೆ. ಕುಂಬಳೆ ಸೀಮೆಯ ಈ ಕವಿಯ ಮೇಲೆ ಮುಳಿಯ ತಿಮ್ಮಪ್ಪಯ್ಯನವರು ಪುಸ್ತಕವನ್ನೇ ಬರೆದರು. ಪ್ರಸಂಗಗಳ ಕರ್ತೃ ಯಾರೆಂಬ ಚರ್ಚೆಯೂ ವಿದ್ವಾಂಸರಲ್ಲಿ ಬಹುಕಾಲ ನಡೆಯಿತು. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಯಲಾಟದ ಪ್ರೇಕ್ಷಕರು ಮೊದಲು ವಿಚಾರಿಸುವುದು ಬೇರೆಯೇ: ಇವತ್ತು ಯಾರ ಭಾಗವತಿಕೆ?

ಆ ವಿಚಾರಣೆಗೆ ಕಾರಣವಿದೆ. ಅಚ್ಚಾದ ಪ್ರಸಂಗದಲ್ಲಿ ಪ್ರತಿ ಪದ್ಯದ ಮೇಲೆ ರಾಗ, ತಾಳ ಎರಡನ್ನೂ ನಮೂದಿಸಿರುತ್ತಾರೆ. ಇವುಗಳಲ್ಲಿ ತಾಳ ಗಟ್ಟಿ. ಪದ್ಯದ ಮಾತ್ರೆಗಳು ಅದಕ್ಕೆ ಕಟ್ಟುಬಿದ್ದಿರುತ್ತವೆ, ಚೆಂಡೆ ಮದ್ದಳೆಯ ನುಡಿತ, ವೇಷದ ಕುಣಿತ ಎಲ್ಲವೂ ಅದನ್ನೇ ನೆಚ್ಚಿವೆ. ಏಳು ಮಾತ್ರೆಯ ತ್ರಿವುಡೆಯ ಪದ್ಯವನ್ನು ಏಕತಾಳಕ್ಕೆ ಎಳೆದರೆ ಪದ್ಯವೇ ಮುರಿಯುತ್ತದೆ. ರಾಗಕ್ಕೆ ಆ ಬಿಗಿ ಇಲ್ಲ. ಶೂರ್ಪನಖಿಯ ಪದ್ಯವನ್ನು ಒಬ್ಬರು ಮೋಹನದಲ್ಲಿ ನಿಧಾನಕ್ಕೆ ಎತ್ತಿಕೊಂಡರೆ ರಂಗದ ಮೇಲೆ ಬಿನ್ನಾಣಗಿತ್ತಿ ಕಾಣುತ್ತಾಳೆ. ಇನ್ನೊಬ್ಬರು ಬೇರೆ ರಾಗ ಹಿಡಿದು ಕಾಲ ಏರಿಸಿದರೆ ಅದೇ ಸಾಹಿತ್ಯದಲ್ಲಿ ಒಳಗಿನ ರಕ್ಕಸಿ ಇಣುಕುತ್ತಾಳೆ. ಜಾಗಟೆ ಹಿಡಿದು ಹಾಡುವ ಭಾಗವತರ ಈ ಆಯ್ಕೆಯೇ ಆ ರಾತ್ರಿಯ ಪಾತ್ರವನ್ನು ಅರ್ಧ ರೂಪಿಸುತ್ತದೆ.

ಮೂಡುಬಿದಿರೆ ಸಮೀಪದ ಮಾರೂರು ನೂಯಿಯಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಹಳೆಯ ನಡೆಯನ್ನು ಹಿಡಿದವರಲ್ಲಿ ಅಗ್ರಗಣ್ಯರು. ಅದೇ ಹೆಸರಿನ ಅಜ್ಜನಿಂದ ಬಂದ ವಿದ್ಯೆ, ಕಟೀಲು ಮೇಳದಲ್ಲಿ ದಶಕಗಳ ತಿರುಗಾಟ. ಏರುಶ್ರುತಿಯ ಕಂಠ, ಧ್ವನಿವರ್ಧಕವಿಲ್ಲದ ಕಾಲದ ಗದ್ದೆಯಲ್ಲಿ ಕೊನೆಯ ಸಾಲಿನವರೆಗೂ ಮುಟ್ಟಬೇಕಾಗಿದ್ದ ಹಾಡಿಕೆಯ ಪರಂಪರೆ ಅದು. ಅನಗತ್ಯ ಆಲಾಪನೆಯಿಲ್ಲ. ಅಕ್ಷರ ಬಿಡಿಬಿಡಿಯಾಗಿ ಕೇಳಬೇಕು, ಪದ್ಯ ಮುಗಿದ ಕೂಡಲೇ ವೇಷಧಾರಿಗೆ ಅರ್ಥ ಎತ್ತಿಕೊಳ್ಳಲು ಮಾತು ಸಿಗಬೇಕು. ಹತ್ತಾರು ಪ್ರಸಂಗಗಳು ಅವರಿಗೆ ಕಂಠಸ್ಥವಾಗಿದ್ದವು. ಐದು ದಿನಗಳ ‘ದೇವಿ ಮಹಾತ್ಮೆ’ಯನ್ನೂ ರಚಿಸಿದರು. ಮಕ್ಕಳಾದ ಪ್ರಸಾದ ಬಲಿಪ, ಶಿವಶಂಕರ ಬಲಿಪ ಇದೇ ದಾರಿಯಲ್ಲಿ ಹಾಡಿದರು. ಸುಲಭವಾಗಿ ಅನುಕರಿಸಬಹುದು ಅನಿಸುವ ಶೈಲಿ ಇದು, ಹಾಗೆ ಅನುಕರಿಸಿ ಗೆದ್ದವರು ವಿರಳ.

ದಾಮೋದರ ಮಂಡೆಚ್ಚರು ಇನ್ನೊಂದು ದಿಕ್ಕಿಗೆ ಹೊರಟರು. ಶಾಸ್ತ್ರೀಯ ಸಂಗೀತದ ರಾಗಗಳನ್ನು ಕರ್ನಾಟಕ ಮೇಳದ ರಂಗಕ್ಕೆ ಹೊಂದಿಸಿದರು. ಅವರ ಶಿಷ್ಯ ದಿನೇಶ ಅಮ್ಮಣ್ಣಾಯರು ಆ ದಾರಿಯನ್ನು ಇನ್ನಷ್ಟು ಹದಗೊಳಿಸಿ, ಮುಖ್ಯವಾಗಿ ಕರುಣ, ಶೃಂಗಾರದ ಪದ್ಯಗಳಲ್ಲಿ ‘ರಸರಾಗ ಚಕ್ರವರ್ತಿ’ ಎಂಬ ಬಿರುದಿಗೆ ತಕ್ಕ ಹಾಡಿಕೆ ಕೊಟ್ಟರು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳದಲ್ಲಿ ದೀರ್ಘಕಾಲ ಭಾಗವತರಾಗಿದ್ದ ಕಡತೋಕ ಮಂಜುನಾಥ ಭಾಗವತರು ಉತ್ತರ ಕನ್ನಡದವರು. ಹೀಗಾಗಿ ತೆಂಕಿನ ಪ್ರೇಕ್ಷಕರು ಅದೇ ಪದ್ಯಗಳನ್ನು ಮತ್ತೊಂದು ಮಣ್ಣಿನ ಕಂಠದಲ್ಲೂ ಕೇಳಿದರು.

ಆಟದ ಚೌಕಟ್ಟು ಬಿಟ್ಟು ಹಾಡಿಕೆ ಮಾತ್ರ ಕೇಳುವ ರೂಢಿಯನ್ನು ಕ್ಯಾಸೆಟ್ಟುಗಳು ಬೆಳೆಸಿದವು. ಈಗಿನ ಗಾನವೈಭವಗಳಲ್ಲಿ ಇಬ್ಬರು ಭಾಗವತರು ಒಂದೇ ಪದ್ಯವನ್ನು ಸರದಿಯಲ್ಲಿ ಹಾಡುವುದೂ ಉಂಟು. ಭಾಗವತ ಪಟ್ಲ ಸತೀಶ ಶೆಟ್ಟರ ಕಂಠಕ್ಕಾಗಿಯೇ ಸೇರುವ ಯುವಕರ ಗುಂಪು ದೊಡ್ಡದು. ರಾಗದ ಕುಶಲತೆ ತಿಳಿಯಲು ಇಂತಹ ವೇದಿಕೆ ಒಳ್ಳೆಯದೇ. ಆದರೆ ವೇಷವಿಲ್ಲದ ಕಡೆ ಪದ್ಯಕ್ಕೆ ಉತ್ತರ ಕೊಡುವವರಿಲ್ಲ. ಸಾಲು ಎಷ್ಟು ಹೊತ್ತು ಎಳೆದರೂ ತಡೆಯಿಲ್ಲ. ಆಟದಲ್ಲಾದರೆ ಶೂರ್ಪನಖಿ ಕಾದು ನಿಂತಿರುತ್ತಾಳೆ. ಅವಳ ಹೆಜ್ಜೆಗೆ ಎಷ್ಟು ಬೇಕೋ ಅಷ್ಟೇ ರಾಗ ಬೆಳೆಸಿ, ಮುಂದಿನ ಮಾತಿಗೆ ಎಡೆಬಿಟ್ಟು, ಮುಕ್ತಾಯದ ಪೆಟ್ಟಿಗೆ ಪದ್ಯವನ್ನು ತಂದು ನಿಲ್ಲಿಸುವುದರಲ್ಲಿ ಭಾಗವತರ ಕಸುಬು ಗೊತ್ತಾಗುತ್ತದೆ.