ಕತ್ತಿ ಬಲ್ಲವರ ಬೇಲಿ

ಮುಂಗಾರು ಹಿಡಿಯಲು ಹೆಚ್ಚು ದಿನ ಉಳಿದಿಲ್ಲ. ತೋಟಕ್ಕೆ ಬೇಲಿ ಮಾಡಬೇಕೆಂದಿರುವವರು ಕಲ್ಲುಕಂಬ, ಮುಳ್ಳುತಂತಿಯ ಲೆಕ್ಕ ಹಾಕುವ ಮೊದಲು ಗೊಬ್ಬರದ ಗಿಡವನ್ನು ಒಮ್ಮೆ ನೆನೆಯಲಿ. ಗ್ಲಿರಿಸಿಡಿಯಾ ಎಂದು ಕೃಷಿ ಇಲಾಖೆಯವರು ಕರೆಯುವುದು ಇದನ್ನೇ. ಹುಟ್ಟೂರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿ ಕೋಕೋ ತೋಟಕ್ಕೆ ನೆರಳು, ದನದ ಹುಲ್ಲುಗಾವಲಿಗೆ ಬೇಲಿ. ನಮ್ಮಲ್ಲಿ ಗದ್ದೆಯ ಬದು, ಅಡಿಕೆ ತೋಟದ ಅಂಚುಗಳಲ್ಲಿ ಸೊಪ್ಪಿನ ಆಸೆಗೆ ಬಂದು ನೆಲೆಸಿತು. ಬಡಕಲು ಮಣ್ಣಾದರೂ ಸರಿ, ಬಿರುಬೇಸಿಗೆಯಾದರೂ ಸರಿ, ಬದುಕುತ್ತದೆ. ನೀರು ನಿಲ್ಲುವ ಜಾಗ ಮಾತ್ರ ಆಗದು.

ನೆಡುವುದು ಕೋಲನ್ನು. ಎಳೆ ರೆಂಬೆ ತಂದರೆ ಕೊಳೆಯುತ್ತದೆ. ಹೆಬ್ಬೆರಳಿಗಿಂತ ದಪ್ಪನಾಗಿ, ಹಸಿರು ಮಾಸಿ ಕಂದಿಗೆ ತಿರುಗಿದ ನಾಲ್ಕೈದು ಅಡಿಯ ಕೋಲು ಬೇಕು. ಬುಡವನ್ನು ಓರೆಯಾಗಿ ಕಡಿಯಿರಿ. ತುದಿಯೂ ಓರೆಯಾಗಿದ್ದರೆ ಮಳೆನೀರು ನಿಲ್ಲುವುದಿಲ್ಲ. ಗೂಟ ಬಡಿದಂತೆ ಬಡಿಯಬೇಡಿ. ತಲೆ ಸೀಳುತ್ತದೆ, ಕೆಳಗೆ ತೊಗಟೆ ಸುಲಿಯುತ್ತದೆ. ಬೇರು ಬರಬೇಕಾದದ್ದು ಅಲ್ಲಿಂದಲೇ. ಹಾರೆಯಿಂದ ಒಂದಡಿ ಮೀರಿ ಕುಳಿ ಮಾಡಿ, ಇಳಿಸಿ, ಸುತ್ತ ಮಣ್ಣು ತುಳಿಯಿರಿ. ಒಂದೂವರೆ ಅಡಿಗೊಂದು ಕೋಲಿದ್ದರೆ ಬೇಲಿ ಒತ್ತಾಗುತ್ತದೆ. ಕೆಲವು ವಾರದಲ್ಲಿ ಚಿಗುರು ಕಂಡಿತೆಂದು ಎಳೆದು ನೋಡುವ ಚಪಲ ಬೇಡ. ಚಿಗುರು ಕೋಲಿನ ಕಸುವಿನಲ್ಲೇ ಬರುತ್ತದೆ, ಬೇರು ಆಮೇಲೆ. ಕೋಲಿನ ಗಿಡದ ಬೇರು ಆಳಕ್ಕಿಳಿಯುವುದು ಕಡಿಮೆ. ಗಾಳಿ ಜೋರಿರುವ ಗುಡ್ಡದ ಮೇಲಾದರೆ ಬೀಜದಿಂದೆದ್ದ ಸಸಿಯೇ ಮೇಲು.

ನೆಡುವುದು ಯಾರಿಗೂ ಬಂದೀತು. ಈ ಬೇಲಿಯ ಸೊಗಸೆಲ್ಲ ಇರುವುದು ಸವರುವ ಹದದಲ್ಲಿ. ಮೊದಲ ವರ್ಷ ಕತ್ತಿ ತಾಗಿಸಬೇಡಿ. ಬೇರೂರಿದ ಮೇಲೆ ಎದೆಮಟ್ಟಕ್ಕೆ ಕಡಿದರೆ ಕಡಿದಲ್ಲೆಲ್ಲ ನಾಲ್ಕಾರು ಕವಲು ಒಡೆಯುತ್ತದೆ. ಬೇಸಿಗೆಗೆ ಎಲೆ ಉದುರಿಸುವ ಮರವಿದು. ಆಗಲೂ ಮರೆ ಬೇಕೆನ್ನುವವರು ಮಳೆಗಾಲದ ಕೊನೆಗೆ ಸವರಬೇಕು. ಹೊಸ ಚಿಗುರು ಬೇಗ ಉದುರದು. ಆದರೆ ಹಾಗೆ ಸವರಿದ ಗಿಡ ಹೂವು ಕೊಡುವುದಿಲ್ಲ. ಹೂವೇಳುವುದು ಬಲಿತ, ಎಲೆ ಕಳಚಿದ ರೆಂಬೆಯಲ್ಲಿ. ಜನವರಿ ದಾಟಿದ ಮೇಲೆ ಬೋಳು ಕೊಂಬೆಗೆ ಬುಡದಿಂದ ತುದಿಯವರೆಗೆ ತಿಳಿಗುಲಾಬಿ ಹೂವು ಮೆತ್ತಿಕೊಂಡಿರುತ್ತದೆ, ಜೇನು ಮುತ್ತಿರುತ್ತದೆ. ಬೇಲಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಗಿಡವನ್ನು ಮರವಾಗಲು ಬಿಟ್ಟು ಉಳಿದವನ್ನು ಸವರುವುದು ನನ್ನ ಪದ್ಧತಿ. ಮರೆಯೂ ಸಿಗುತ್ತದೆ, ಹೂವೂ ಸಿಗುತ್ತದೆ.

ದೋಷಗಳೂ ಇವೆ. ಒಣಹವೆಯಲ್ಲಿ ಕಪ್ಪು ಹೇನು ಹತ್ತಿ, ಎಲೆಯೆಲ್ಲ ಅಂಟಂಟಾಗಿ ಮಸಿ ಕಟ್ಟುತ್ತದೆ. ಹತ್ತಿದ ರೆಂಬೆ ಕಡಿದರೆ ತೀರಿತು. ಸೊಪ್ಪಿನ ವಾಸನೆಗೆ ದನ, ಆಡು ಮೊದಮೊದಲು ಮೂಗು ತಿರುಗಿಸುತ್ತವೆ. ಬಾಡಿಸಿ ಹಾಕಿದರೆ ರೂಢಿಯಾಗುತ್ತದೆ. ಕುದುರೆಗೆ ಮಾತ್ರ ಇದು ವಿಷ.

ಒಣಗಿದ ಸೊಪ್ಪಿನಲ್ಲಿ ಸುಮಾರು ಶೇ 3ರಷ್ಟು ಸಾರಜನಕವಿದೆ. ಸವರಿದ್ದನ್ನು ಸುಡಬೇಡಿ, ಮರದ ಬುಡಕ್ಕೆ ಹಾಕಿ. ಇದಕ್ಕಾಗಿ ನರ್ಸರಿಗೆ ದುಡ್ಡು ಕೊಡುವುದೂ ಬೇಕಿಲ್ಲ. ಊರಲ್ಲಿ ಯಾರಾದರೂ ಬೇಲಿ ಸವರುತ್ತಿದ್ದರೆ ಒಂದು ಹೊರೆ ಕೋಲು ಕೇಳಿ. ಕೊಡದವರನ್ನು ನಾನು ಕಂಡಿಲ್ಲ.