ಕಡಲಿನ ಕಾಗದ ಹುಡುಕುತ್ತಾ

ಮಂಗಳೂರಿನ ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯ ಹೊರಗಿನಿಂದ ನೋಡಿದರೆ ಹಡಗೇ. ಕರ್ನಲ್ ಮಿರಾಜಕರ್ ಎಂಬ ಶಸ್ತ್ರವೈದ್ಯರು ತಾಯಿಯ ನೆನಪಿಗೆ ಸರ್ಕಾರಕ್ಕೆ ಕೊಟ್ಟ ಕಟ್ಟಡ, 1960ರಿಂದ ಮ್ಯೂಸಿಯಂ. ಒಳಗೆ ಶಿಲ್ಪ, ನಾಣ್ಯ, ಮರದ ಕೆತ್ತನೆ. ನೋಡತಕ್ಕದ್ದೇ, ಆದರೆ ಕಡಲಿನ ಕಾಗದಪತ್ರ ಹುಡುಕಿ ಬಂದವನು ಈ ಹಡಗಿನಲ್ಲಿ ಹೆಚ್ಚು ಹೊತ್ತು ಕೂರಲಾರ. ನಾನೂ ಎದ್ದೆ.

ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್‌ನ ದಾಖಲೆಗಳಿವೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಅದೇ ಮಿಶನ್‌ನ ಪಾದ್ರಿ ಮೋಗ್ಲಿಂಗ್ ಹೊರತಂದದ್ದು ಇದೇ ಊರಿನಲ್ಲಿ, ಕಲ್ಲಚ್ಚಿನಲ್ಲಿ. ಆ ಮೊದಲ ಮಳೆಗಾಲವನ್ನು ದಾಟಿ ಕಾಗದ ಉಳಿದದ್ದೇ ಪವಾಡ. ನಮ್ಮ ಕರಾವಳಿಯಲ್ಲಿ ಒರಲೆ ಬಿಟ್ಟದ್ದನ್ನು ತೇವ ತಿನ್ನುತ್ತದೆ.

ಹಾಗಾಗಿಯೇ ಮಂಗಳೂರು ಬಂದರಿನ ಅತ್ಯಂತ ಸೊಗಸಾದ ಹಳೆಯ ದಾಖಲೆ ಸಿಕ್ಕಿದ್ದು ಇಲ್ಲಲ್ಲ, ಒಣಹವೆಯ ಕೈರೋದಲ್ಲಿ. ದೇವರ ಹೆಸರಿರಬಹುದಾದ ಕಾಗದವನ್ನು ಯಹೂದಿಗಳು ಹರಿದೆಸೆಯುವುದಿಲ್ಲ. ಅಲ್ಲಿನ ಸಿನಗಾಗಿನ ಕೋಣೆಯೊಂದರಲ್ಲಿ ಅಂಥವು ರಾಶಿಬಿದ್ದಿದ್ದವು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳೂ ಇದ್ದವು. 12ನೇ ಶತಮಾನದಲ್ಲಿ ಸುಮಾರು 17 ವರ್ಷ ಮಂಗಳೂರಿನಲ್ಲಿದ್ದು ವ್ಯಾಪಾರ ಮಾಡಿದವನು. ಇಲ್ಲಿಂದ ಏಡನ್‌ಗೆ ಅಡಿಕೆ, ಕಾಳುಮೆಣಸು, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಗೆಳೆಯರು ಸಕ್ಕರೆ, ಒಣದ್ರಾಕ್ಷಿಯ ಜೊತೆಗೆ ಕಾಗದವನ್ನೂ ಕಳಿಸುತ್ತಿದ್ದರು. ತಾಳೆಗರಿಯ ಊರಿನಲ್ಲಿ ಕಾಗದಕ್ಕೆ ಬರ! ಬಂದದ್ದರಲ್ಲಿ ಒಂದು ಚೂರನ್ನೂ ಅವನು ದಂಡ ಮಾಡಿದವನಲ್ಲ. ಬಂದ ಪತ್ರದ ಹಿಂಬದಿಯಲ್ಲೇ ಲೆಕ್ಕ ಗೀಚುತ್ತಿದ್ದ. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಆಳಿನ ಹೆಸರು ಬೊಮ್ಮ ಎಂದು ಲೇಖಕ ಅಮಿತಾವ್ ಘೋಷ್ ಗುರುತಿಸಿದರು. ಏಡನ್‌ನ ಸಾಹುಕಾರರು ತಮ್ಮ ಪತ್ರಗಳಲ್ಲಿ ಈ ಬೊಮ್ಮನಿಗೂ ಸಲಾಮು ಹೇಳುತ್ತಾರೆ. ರಾಜರ ಶಾಸನಗಳಲ್ಲಿ ಇಂಥ ಸಲಾಮು ಎಲ್ಲಿ ಸಿಗಬೇಕು?

ಸಂಜೆ ಹಳೆ ಬಂದರಿಗೆ ಇಳಿದೆ. ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗೆ ಮೂಟೆ ಏರುತ್ತಿತ್ತು. ಪಕ್ಕದಲ್ಲಿ ಒಬ್ಬರು ಉದ್ದನೆಯ ಪುಸ್ತಕದಲ್ಲಿ ಒಂದೊಂದೇ ಗೀಟು ಹಾಕಿ ಲೆಕ್ಕ ಹಿಡಿಯುತ್ತಿದ್ದರು. ಬೆನ್ ಯಿಜು ಮಾಡಿದ್ದೂ ಇದನ್ನೇ.

ಬಂದರು, ಕುದ್ರೋಳಿ, ಬೋಳಾರದ ಕಡೆ ಅಜ್ಜನ ಕಾಲದ ಮಂಜಿ ಲೆಕ್ಕ, ಹೆಂಚು ಸಾಗಣೆಯ ಕಿರ್ದಿ ಅಟ್ಟದಲ್ಲಿದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ. ಯಾವುದಾದರೂ ಗ್ರಂಥಾಲಯಕ್ಕೆ ಒಮ್ಮೆ ತೋರಿಸಿ, ಮಳೆ ಶುರುವಾಗುವ ಮೊದಲೇ.